ಎಲೆ ಅಡಿಕೆ ಸಂಚಿಯಲ್ಲಿ ಅಕ್ಕನ ಹಾಡು

ಮೆಮೊರಿ ಕಾರ್ಡನ್ನು ಯಾವ ಕಳ್ಳನೂ ಕದಿಯಲಿಲ್ಲ. ಎಲೆ ಅಡಿಕೆ ಜೊತೆ ನಾನೇ ಅಗಿದುಬಿಟ್ಟೆ.

ಮೊಮ್ಮಗಳ ಮದುವೆಗೆ ತಿಪಟೂರಿಂದ ತುರುವೇಕೆರೆ ಬಸ್ಸು ಹತ್ತಿದ್ದೆ. ಬರೆಯೋದು ನನಗೆ ಅಷ್ಟಕ್ಕಷ್ಟೆ. ಹಸು ಯಾವಾಗ ಈಯುತ್ತೆ, ಮಾತ್ರೆ ಯಾವಾಗ ಅನ್ನೋದೆಲ್ಲ ಫೋನಿಗೆ ಹೇಳಿಟ್ಟಿರ್ತೀನಿ. ಅಕ್ಕನ ಸೋಬಾನೆ ಹಾಡೂ ಅದರಲ್ಲೇ ಇತ್ತು. ಗಂಟಲು ಆಪರೇಷನ್ ಆದಮೇಲೆ ಅವಳು ಹಾಡಲ್ಲ, ಮದುವೆಗೆ ಅದೇ ಹಾಡು ಹಾಕಬೇಕಿತ್ತು. ಫೋನು ತುಂಬಿಹೋಗಿದ್ದಕ್ಕೆ ಅಂಗಡಿಯವನು ದೊಡ್ಡ ಕಾರ್ಡು ಕೊಟ್ಟು, ಎಲ್ಲವನ್ನೂ ಅದಕ್ಕೆ ಸಾಗಿಸಿದ್ದ. ಇನ್ನೊಂದು ಕಾಪಿ ಇರಲಿ ಅಂದ. ನಾನು ಬೇಡ ಅಂದೆ.

ಬಸ್ಸಲ್ಲಿ ಹಾಡು ಕೇಳ್ತಾ ಕೂತಿದ್ದಾಗ ಪಕ್ಕದ ಹೆಂಗಸು ಆಸೆಪಟ್ಟು ತನ್ನ ಫೋನಿಗೂ ಕಳಿಸಿಕೊಂಡಳು. ಆಮೇಲೆ ನೂಕುನುಗ್ಗಲಾಯ್ತು. ಫೋನು ಹೋದರೂ ಹಾಡು ಉಳೀಲಿ ಅಂತ ಸೀರೆ ಪಿನ್ನಿನಿಂದ ಕಾರ್ಡು ತೆಗೆದು, ಸಂಚಿಯಲ್ಲಿ ಅಡಿಕೆ ಹೋಳಿನ ಜೊತೆ ಹಾಕಿದೆ. ಮಾತಾಡ್ತಾ ಎಲೆ ಮಡಚಿ ಬಾಯಿಗಿಟ್ಟೆ. ಕಟಕ್ ಅಂತು. ಉಗಿದು ನೋಡಿದರೆ ಕಾರ್ಡು ಎರಡು ತುಂಡು.

"ಅಯ್ಯೋ ಅಜ್ಜಿ, ಅಕ್ಕನ ಹಾಡನ್ನೇ ಅಗಿದ್ಬುಟ್ರಲ್ಲ!" ಅಂತ ಆಯಮ್ಮ ನಕ್ಕಳು. "ನನ್ ಫೋನಲ್ಲಿ ಐತೆ ಬುಡಿ, ವಾಪಸ್ ಕಳಿಸ್ತೀನಿ."

ಹಾಡು ಅಲ್ಲೇ ನನ್ನ ಫೋನಿಗೆ ವಾಪಸ್ ಬಂತು. ಹಸು, ಮಾತ್ರೆ ಎಲ್ಲ ಹೋಯ್ತು, ಅವನ್ನ ಮತ್ತೆ ಹೇಳಿಡಬಹುದು. ಮಾರನೇ ಬೆಳಗ್ಗೆ ತುರುವೇಕೆರೆಯಲ್ಲಿ ಅಂಗಡಿ ಬಾಗಿಲು ತೆಗೆಯೋದನ್ನೇ ಕಾದು ಚಿಕ್ಕ ಕಾರ್ಡು ಎರಡು ಕೊಂಡು, ಎರಡಕ್ಕೂ ಹಾಡು ತುಂಬಿಸಿದೆ. ಒಂದನ್ನು ಫೋನಿಗೆ ಹಾಕಿಸಿದೆ. ಇನ್ನೊಂದನ್ನು ಮದುವೆಗೆ ಬಂದಿದ್ದ ಅಕ್ಕನ ಕೈಗೇ ಕೊಟ್ಟೆ. ಅವಳು ಎಲೆ ಅಡಿಕೆ ಹಾಕಲ್ಲ.