ಸದ್ದಿಲ್ಲದ ಸೈಲೆನ್ಸರು, ಹುಳುಮನೆಯ ಸಿದ್ದಗಂಗಮ್ಮ

ಕೊಳಾಲದ ಹತ್ತಿರದ ಆ ಊರಿನಲ್ಲಿ ಸಿದ್ದಗಂಗಮ್ಮನ ಮನೆಗೆ ಯಾರೂ ಪೌಡರು ಬಳಿದುಕೊಂಡು, ಮಲ್ಲಿಗೆ ಮುಡಿದುಕೊಂಡು ಹೋಗುತ್ತಿರಲಿಲ್ಲ. ಹೋದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದಳು. ರೇಷ್ಮೆ ಹುಳು ಸಾಕುವ ಮನೆ ಅದು. ಹುಳುವಿಗೆ ವಾಸನೆ ಆಗದು, ಹೊಗೆಯಂತೂ ಮೊದಲೇ ಆಗದು. ಹುಳು ಮನೆಯಲ್ಲಿದ್ದಷ್ಟು ದಿನ ಅವಳು ಲಿಂಗಪೂಜೆಗೂ ಊದಿನಕಡ್ಡಿ ಹಚ್ಚುತ್ತಿರಲಿಲ್ಲ. ವಿಭೂತಿ, ಪತ್ರೆ ಸಾಕು, ಶಿವನಿಗೇನು ಹೊಗೆ ಕುಡಿಯುವ ಚಟ ಇಲ್ಲ ಎನ್ನುವಳು. ಗಂಡ ಮರುಳಸಿದ್ದಯ್ಯ ಬದುಕಿದ್ದಾಗ ಆತನ ಬೀಡಿಯನ್ನೂ ರಸ್ತೆ ತಿರುವಿನ ಬೇವಿನ ಮರದ ಕೆಳಕ್ಕೆ ಅಟ್ಟಿದ್ದಳು. ಆತ ಒಗ್ಗರಣೆಯಿಲ್ಲದ ಸಾರು ಉಂಡು, ಮರದಡಿ ಬೀಡಿ ಸೇದಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದ. ಆತ ಹೋದ ಮೇಲೂ ಅವಳು ಹುಳು ಬಿಡಲಿಲ್ಲ. ಸೊಪ್ಪು ಕೊಯ್ಯುವುದು, ಹಾಸುವುದು, ಹಿಕ್ಕೆ ಬಾಚುವುದು, ಎಲ್ಲ ಅವಳ ಕೈಯಲ್ಲೇ.

ಮಗಳ ಮಗ ನಾಗಭೂಷಣ್ ಹೈಸ್ಕೂಲಿನಿಂದಲೂ ಅವಳ ಜೊತೆಗೇ ಇದ್ದವನು. ಈಗ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಬರುತ್ತಿದ್ದ. ಅದಕ್ಕೆಂದು ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕು ಕೊಂಡ. ಹಳೇ ಯಜಮಾನ ಅದನ್ನೆಲ್ಲೋ ಬೀಳಿಸಿದ್ದರಿಂದ ಸೈಲೆನ್ಸರಿನ ಬಾಲ ಜಜ್ಜಿಹೋಗಿ, ತುಕ್ಕು ಹಿಡಿದು ತೂತು ಬಿದ್ದಿತ್ತು. ಗಾಡಿ ಗೆಳೆಯ ನವೀನ್ ಕುಮಾರನ ಮನೆಯಲ್ಲಿ ನಿಂತಿತು. ಹೊಸ ಸೈಲೆನ್ಸರು ಹಾಕಲೇಬೇಕು, ಆದರೆ ಯಾವುದು?

ಅದೊಂದು ವಾರ ಜಗಲಿಯ ಮೇಲೆ ಅದೇ ಪುರಾಣ. ಇಬ್ಬರೂ ಫೋನು ಹಿಡಿದು ಸೈಲೆನ್ಸರುಗಳ ಸದ್ದು ಕೇಳುತ್ತ ಕೂರುತ್ತಿದ್ದರು.

"ಅಜ್ಜಿ, ಇದ್ನ ಕೇಳು. ಈಗ ಇದ್ನ ಕೇಳು. ಯಾವ್ದು ಚೆಂದ?" ಎಂದ ನಾಗಭೂಷಣ್.

"ಎಲ್ಲಾ ಒಂದೇ ಕಣ್ಲಾ. ಕಡ್ಲೆ ತಿಂದೋನು ಹೂಸು ಬುಟ್ಟಂಗೈತೆ."

ನವೀನನ ಮನಸ್ಸು ಗಿಡ್ಡ ಕೊಳವೆಯ ಮೇಲೆ. ಅದರ ಬಾಯೊಳಗೆ ಸದ್ದು ಅಡಗಿಸುವ ಒಂದು ಸಣ್ಣ ಡಬ್ಬಿ, ಒಂದು ಸ್ಕ್ರೂ ಬಿಚ್ಚಿ ಎಳೆದರೆ ಕೈಗೆ ಬರುತ್ತದೆ. "ಅದ್ನ ಕಿತ್ತಾಕ್ಬುಟ್ರೆ ಕೊರಟಗೆರೆ ತಂಕ ಕೇಳಿಸ್ತದೆ ಕಣ್ಲೇ," ಎಂದ. ಇನ್ನೊಂದು ಉದ್ದನೆಯದು, ಕೊಂಚ ತೂಕ, ಒಳಗಿನದೆಲ್ಲ ಬೆಸುಗೆ ಹಾಕಿ ಮುಚ್ಚಿದ್ದು. ಗುಂಯ್ ಅನ್ನುತ್ತದೆ ಅಷ್ಟೇ. "ಅದು ಹೆಂಗಸ್ರ ಸ್ಕೂಟ್ರಿಗೆ ಸರಿ," ಎಂದು ನವೀನ ನಕ್ಕ.

ಆ ಹೊತ್ತಿಗೆ ಹುಳು ನಾಲ್ಕನೇ ಜ್ವರಕ್ಕೆ ಕೂರುವುದರಲ್ಲಿದ್ದವು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದರೆ ಗೂಡು, ಏಳದಿದ್ದರೆ ಅಷ್ಟು ದಿನದ ದುಡಿಮೆ ತಿಪ್ಪೆಗೆ. ಸಿದ್ದಗಂಗಮ್ಮ ಮೊಮ್ಮಗನನ್ನು ಕರೆದು ಹೇಳಿದಳು:

"ನೋಡ್ಲಾ, ಹುಳ ಜ್ವರಕ್ಕೆ ಕೂತ್ಕಂತವೆ. ಎದ್ದೇಳೋ ತಂಕ ಆ ಗಾಡಿ ತಂದು ಬಾಗ್ಲಾಗೆ ಗುಡುಗುಡು ಅನ್ನಿಸ್ಬ್ಯಾಡ."

"ಆಯ್ತು ಬುಡಜ್ಜಿ," ಎಂದ.

ಆ ಮಾತು ಅವನ ಮನಸ್ಸಿನಲ್ಲಿ ಕೂತಿತು. ಕೂತ ರೀತಿ ಮಾತ್ರ ಬೇರೆ. ಮಾರನೆಯ ದಿನ ಶಿರಾಕ್ಕೆ ಹೋಗಿ, ಅಂಗಡಿಯಲ್ಲಿ ಗಿಡ್ಡ ಕೊಳವೆಯನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟು, ಉದ್ದನೆಯದನ್ನೇ ಕೊಂಡ. ನವೀನ ಬಸ್ಸಿನಲ್ಲಿ ಊರಿನವರೆಗೂ ಛೇಡಿಸಿದ. ನವೀನನ ಮನೆಯಲ್ಲೇ ಬೋಲ್ಟು ಬಿಗಿದರು. ಮೊದಲ ಸ್ಟಾರ್ಟು ಅಜ್ಜಿಯ ಮುಂದೆಯೇ ಆಗಲಿ, ಎಷ್ಟು ಮೆತ್ತಗಿದೆ ಎಂದು ಅವಳೇ ಕೇಳಲಿ ಎಂದು, ನವೀನನ ಜೊತೆ ಗಾಡಿಯನ್ನು ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ. ಟ್ಯಾಂಕಿಗೆ ಮೂರು ಬೆರಳು ವಿಭೂತಿ ಎಳೆದ. ಗಾಡಿಯ ಬಾಲ ಹುಳುಮನೆಯ ಕಿಟಕಿಯ ಕಡೆಗಿತ್ತು. ಹಾಗೇ ಸ್ಟಾರ್ಟು ಒತ್ತಿದ.

ಸಿದ್ದಗಂಗಮ್ಮ ಒಳಗೆ ತೇವ ಆರಲೆಂದು ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ಅವಳಿಗೆ ಸದ್ದು ಕೇಳಿಸಲೇ ಇಲ್ಲ. ವಾಸನೆ ಮೂಗಿಗೆ ಬಡಿಯಿತು. ಹೊಸ ಕಬ್ಬಿಣಕ್ಕೆ ಹಚ್ಚಿದ ಎಣ್ಣೆ ಕಾದು, ಸದ್ದಡಗಲೆಂದು ಒಳಗೆ ತುರುಕಿದ ನಾರು ಸುಟ್ಟು, ಬಿಳಿ ಹೊಗೆ ಕಿಟಕಿಯ ಪರದೆ ತೂರಿ ಮೊದಲ ಸಾಲಿನ ತಟ್ಟೆಗಳ ಮೇಲೆ ಇಳಿಯುತ್ತಿತ್ತು. ಜ್ವರಕ್ಕೆ ಕೂತ ಹುಳುವನ್ನು ಎತ್ತಿ ಬೇರೆ ಕಡೆ ಇಡುವಂತಿಲ್ಲ. ಓಡಿಬಂದು ಕೀ ಕಿತ್ತುಕೊಂಡಳು. ಒದ್ದೆ ಗೋಣಿಚೀಲ ಕಿಟಕಿಗೆ ಕಟ್ಟಿ, ಹಿಂದಿನ ಬಾಗಿಲು ತೆರೆದು, ಮೊರದಿಂದ ಗಾಳಿ ಹಾಕಿದಳು. ಆಮೇಲೆ ಹೊರಗೆ ಬಂದಳು. ಸಿಟ್ಟು ಏರಿದಷ್ಟೂ ಅವಳ ದನಿ ಇಳಿಯುತ್ತಿತ್ತು.

"ಯಾಕ್ಲಾ ಇದ್ನ ಇಲ್ಲಿಗೆ ತಂದೆ?"

"ಸದ್ದೇ ಬರಲ್ಲ ಕಣಜ್ಜಿ. ಗುಡುಗುಡು ಅನ್ನಿಸ್ಬ್ಯಾಡ ಅಂದಿದ್ಯಲ್ಲ, ಅದ್ಕೇ ಜೋರಿಂದ್ನ ಬುಟ್ಟು ಇದ್ನ ತಂದೆ. ನಿಂಗೋಸ್ಕರನೇ."

"ಗಾಡಿ ಚಾಲು ಮಾಡ್ಬ್ಯಾಡ ಅಂದ್ನಲ್ಲೋ. ಹುಳಕ್ಕೆ ಕಿವಿ ಎಲ್ಲೈತೆ ತೋರ್ಸು ಬಾ."

ನವೀನ ನಡುವೆ ಬಾಯಿ ಹಾಕಿದ: "ಹೊಸ್ದ್ರಲ್ಲಿ ಅಂಗೇ ಕಣಜ್ಜಿ. ಒಂದ್ಗಳಿಗೆ ಹೊಗೆ, ಆಮೇಲೆ ಬರಾಕಿಲ್ಲ."

"ನಿನ್ನ ಮೂಗ್ನ ಒಂದ್ಗಳಿಗೆ ಹಿಸುಕ್ತೀನಿ ಬಾ, ಆಮೇಲೆ ಬುಡ್ತೀನಿ."

ನವೀನ ಚಪ್ಪಲಿ ಹುಡುಕಿಕೊಂಡು ಹೊರಟ.

"ನಿನ್ತಾತನ ಬೀಡಿಗೇ ಈ ಮನೇಲಿ ಜಾಗ ಇರ್ಲಿಲ್ಲ, ಕಂಡೋನು ನೀನು," ಎಂದಳು ಮೊಮ್ಮಗನಿಗೆ. "ಇಡೀ ವಾರ ಕಿವಿಗೆ ಪೋನು ಇಟ್ಕಂಡು ಕೊಳ್ವೆ ಆರಿಸ್ದೆ. ಅದ್ರ ಹಿಂದ್ಲಿಂದ ಏನು ಬತ್ತದೆ ಅಂತ ಒಂದ್ಸಲ ಅಂದ್ಕಂಡ್ಯಾ?"

ಮಾರನೆಯ ದಿನ ಬೇರೆ ತಟ್ಟೆಗಳ ಹುಳು ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದವು. ಕಿಟಕಿ ಸಾಲಿನವು ಏಳಲಿಲ್ಲ. ಕೆಲವು ಅರ್ಧ ಪೊರೆ ಬಾಲಕ್ಕೆ ಸಿಕ್ಕಿಸಿಕೊಂಡೇ ಮುದುಡಿದ್ದವು, ಕೆಲವು ಹಸಿರು ನೀರು ಕಕ್ಕಿದ್ದವು. ಅವನ್ನು ಗೋರಿ ಎಸೆಯಲು ಅವಳು ಬಿಡಲಿಲ್ಲ. ಫ್ಯಾಕ್ಟರಿಗೆ ಹೊರಟಿದ್ದವನನ್ನು ನಿಲ್ಲಿಸಿ, ಒಂದೊಂದಾಗಿ ಕೈಯಿಂದ ಎತ್ತಿಸಿ, ಗುಂಡಿಗೆ ಹಾಕಿಸಿ, ಮಣ್ಣು ಮುಚ್ಚಿಸಿದಳು. ತಣ್ಣಗಿನ ಮೆತ್ತನೆ ಹುಳು ಬೆರಳಿಗೆ ಅಂಟಿದಾಗ ಅವನು ಮುಖ ಕಿವುಚಿದ.

"ಮುಖ ಯಾಕೆ ಹಿಂಡ್ತೀಯ? ನಿಂಗೋಸ್ಕರನೇ ಸಾಕಿದ್ದು," ಎಂದಳು.

ಉಳಿದವು ಗೂಡು ಕಟ್ಟಿದವು. ಗೂಡು ಮಾರಿ, ಮನೆ ತೊಳೆದು, ಮತ್ತೆ ಹುಳುವಿನ ಮರಿ ತಂದದ್ದೂ ಆಯಿತು. ಅವಳ ಸಿಟ್ಟು ಮಾತ್ರ ಆರಲಿಲ್ಲ. ಗಾಡಿ ಅಂಗಳದಲ್ಲಿ ನಿಲ್ಲಬಹುದು, ಅಲ್ಲಿ ಚಾಲೂ ಆಗುವಂತಿಲ್ಲ. ಬೆಳಿಗ್ಗೆ ನಾಗಭೂಷಣ್ ಹೆಲ್ಮೆಟ್ಟು ಹಾಕಿಕೊಂಡು, ಆ ಭಾರದ ಬೈಕನ್ನು ಬೇವಿನ ಮರದವರೆಗೆ ತಳ್ಳಬೇಕು. ತಾತ ಬೀಡಿ ಹಚ್ಚುತ್ತಿದ್ದ ಜಾಗದಲ್ಲೇ ಸ್ಟಾರ್ಟು. ಸಂಜೆ ಅಲ್ಲೇ ಆಫ್ ಮಾಡಿ ಮತ್ತೆ ತಳ್ಳಬೇಕು. "ಸೈಲೆನ್ಸರ್ ಸೂಪರ್ ಕಣ್ಲೇ, ಏನೂ ಕೇಳಿಸ್ತಾನೇ ಇಲ್ಲ," ಎಂದು ನವೀನ ಮರದ ಕಟ್ಟೆಯ ಮೇಲಿಂದ ಕೂಗುವನು.

ಒಂದು ಸಂಜೆ ಬೆವರು ಒರೆಸಿಕೊಳ್ಳುತ್ತ ಮೊಮ್ಮಗ ಮೆಲ್ಲಗೆ ಹೇಳಿದ: "ಈಗ ಹೊಗೆ ಬರಲ್ಲ ಕಣಜ್ಜಿ. ಒಳಗಿದ್ದ ಎಣ್ಣೆಯೆಲ್ಲಾ ಸುಟ್ಟೋಗೈತೆ."

ಸೊಪ್ಪು ಕತ್ತರಿಸುತ್ತಿದ್ದ ಸಿದ್ದಗಂಗಮ್ಮ ತಲೆ ಎತ್ತಲಿಲ್ಲ.

"ಸುಟ್ಟೋಗಿದ್ದು ನನ್ನ ಹುಳ. ನೀನು ತಳ್ಳು."