ನಿಜಲಿಂಗಪ್ಪ ಡಬ್ಬಿ ಬಿಚ್ಚಿಸಿದ್ದು

ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ವ್ಯಾಪಾರಿ ನಿಜಲಿಂಗಪ್ಪನಷ್ಟು ಸಂಶಯದ ಮನುಷ್ಯ ಇನ್ನೊಬ್ಬನಿಲ್ಲ. ನಾನು ಮಾಶಾಕ, ಪಕ್ಕದ ಹಗ್ಗ-ತಾಡಪತ್ರಿ ಅಂಗಡಿಯವನು, ಅವನ ಬಾಲ್ಯದ ಗೆಳೆಯ. ನಾನು ತರಿಸಿದ ಚಹಾವನ್ನೂ ಮೂಸಿ ನೋಡಿಯೇ ಕುಡಿಯುತ್ತಾನೆ, ಪುಣ್ಯಾತ್ಮ! ಕಡಲೆ ಚೀಲ ಬಂದರೆ ಮೇಲಿನ ಕಾಳು ಮುಟ್ಟುವುದಿಲ್ಲ. ಮೊಣಕೈತನಕ ಕೈ ಇಳಿಸಿ, ನಡುವಿನಿಂದ ಒಂದು ಮುಷ್ಟಿ ತೆಗೆದು ಹಲ್ಲಲ್ಲಿ ಕಡಿದು ನೋಡುತ್ತಾನೆ. ತಂದವನು ಸ್ವಂತ ಬೀಗನಾದರೂ ಅಷ್ಟೇ.

ಸೊಸೆ ಅಂಕಿತಾ ಮುಳಗುಂದದವಳು, ಕಂಪ್ಯೂಟರ್ ಕಲಿತವಳು. ಅಂಗಡಿಯ ಗಾದಿಯ ಮೇಲೆ ಕುಳಿತು ವ್ಯವಹಾರ ನೋಡಬೇಕೆಂಬುದು ಅವಳ ಆಸೆ. ಈ ಮಾವನೋ, ಮಗನನ್ನೇ ಅಲ್ಲಿ ಕೂಡ್ರಿಸಿದವನಲ್ಲ. ಅಂಗಡಿಯ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಅಪ್‌ಡೇಟ್ ನಿಂತುಹೋದಾಗ ಅವಳು ಅದರ ಬದಲು ಲಿನಕ್ಸ್ ಹಾಕುತ್ತೇನೆ, ಪುಕ್ಕಟೆ ಸಿಗುತ್ತದೆ ಎಂದಳು.

"ಪುಕ್ಕಟೆ ಕೊಡಾವರು ಹಿಂದಿಂದ ಏನರ ಕಸಗೊಂತಾರ," ಎಂದ ನಿಜಲಿಂಗಪ್ಪ. ಬಹಳ ಯೋಚಿಸಿ ಷರತ್ತು ಹಾಕಿದ: "ಚಲೋ ನಡೀತಂದ್ರ ನೀನ ಗಾದಿ ಮ್ಯಾಲ ಕುಂಡ್ರು. ಕೆಡಿಸಿದ್ಯೋ, ಮತ್ತ ಅಂಗಡಿ ಮಾತು ಎತ್ತಬ್ಯಾಡ."

ಅವಳು ಲಿನಕ್ಸ್ ಹಾಕಿದಳು. ಪರದೆ ಬಂತು, ಕೀಬೋರ್ಡ್ ನಡೆಯಿತು, ನೆಟ್ ಮಾತ್ರ ಬರಲಿಲ್ಲ. ನೆಟ್ ಇಲ್ಲದೆ ಪೇಟೆಯ ದರವೂ ತಿಳಿಯದು, ಬಿಲ್ಲೂ ಆಗದು.

"ನಿನ್ನಿತನಕ ಬರ್ತಿತ್ತಲ್ಲ, ಎಲ್ಲಿ ಹೋತು? ಒಳಗಿಂದು ಏನರ ತಗದಿಯೇನು?"

"ಇಲ್ರೀ ಮಾವಾರ. ವೈಫೈ ಹಿಡಿಯೋ ಚಿಪ್ ಒಳಗ ಐತ್ರಿ, ಅದನ್ನ ನಡೆಸೋ ಡ್ರೈವರ್ ಅನ್ನೋ ಪ್ರೋಗ್ರಾಮ್ ಲಿನಕ್ಸ್‌ನ್ಯಾಗ ಇಲ್ಲ. ಹೊರಗ ಹಚ್ಚೋ ವೈಫೈ ಅಡಾಪ್ಟರ್ ತಂದ್ರ ಆಗ್ತೈತ್ರಿ."

ಯಾವುದು ನಡೆಯುತ್ತದೆಂದು ಫೋನಿನಲ್ಲಿ ಓದಿ ತಿಳಿದು, ಗದಗಿನಿಂದ ಅದನ್ನೇ ತರಿಸಿದಳು. ಬೆರಳಿನಷ್ಟು ಸಾಮಾನು. ಹಚ್ಚಿದಳು, ಅದೂ ನಡೆಯಲಿಲ್ಲ! ಕಂಪನಿಯವರು ಹೆಸರು ಅದನ್ನೇ ಇಟ್ಟು ಒಳಗಿನ ಚಿಪ್ ಬದಲಿಸಿದ್ದಾರೆ ಎಂದು ಹೇಳಿ ಅದನ್ನು ಕಿತ್ತು ಡಬ್ಬಿಗೆ ಹಾಕಿದಳು. ಮುಗಿಯಿತು ಇವಳ ಗಾದಿ ಎಂದುಕೊಂಡೆ.

"ಏನಂದಿ? ಡಬ್ಬಿ ಮ್ಯಾಲ ಒಂದು, ಒಳಗ ಇನ್ನೊಂದು?" ನಿಜಲಿಂಗಪ್ಪನ ಕಣ್ಣು ಅರಳಿದವು. ಸೊಸೆಯ ಮೇಲಿದ್ದ ಸಂಶಯವೆಲ್ಲ ಹೋಗಿ ಡಬ್ಬಿಯ ಮೇಲೆ ಬಿತ್ತು. "ಏಳವ್ವಾ, ಗದಗಿಗೆ ಹೋಗೂಣು."

ಬಸ್ಸಿನಲ್ಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತ, ನನ್ನ ಕೈಗೂ ಕೊಡಲಿಲ್ಲ. ಇಂಥ ತಮಾಷೆ ಬಿಡಲಾಗದೆ ನಾನೂ ಹೋಗಿದ್ದೆ.

"ಬಿಚ್ಚಿದ ಡಬ್ಬಿ ಮತ್ತ ಯಾರು ತಗೋತಾರ್ರೀ ಯಜಮಾನ್ರ?" ಎಂದ ಗದಗಿನ ಅಂಗಡಿಯವನು.

"ಹಚ್ಚಿ ತೋರಸ್ರಿ. ಒಳಗಿಂದು ನೋಡದ ನಾ ಕಡ್ಲೀನೂ ತಗೊಳ್ಳೂದಿಲ್ಲ!"

ಜಗಳ ರಸ್ತೆಗೆ ಕೇಳಿಸಿತು. ಜನ ಕೂಡಿದರು. ಅಂಗಡಿಯವನು ಸಾಕಾಗಿ ಒಂದೊಂದೇ ಡಬ್ಬಿ ಬಿಚ್ಚಿಕೊಟ್ಟ. ಅಂಕಿತಾ ಹಚ್ಚಿದಳು, ತೆಗೆದಳು, ಮತ್ತೆ ಹಚ್ಚಿದಳು. ಕೊನೆಗೆ ಹಳೆಯ ಚಿಪ್ ಇದ್ದ ಒಂದರಲ್ಲಿ ನೆಟ್ ಬಂದೇಬಿಟ್ಟಿತು.

ಸಂಜೆ ಅಂಗಡಿಯಲ್ಲಿ ನಿಜಲಿಂಗಪ್ಪ ಮಾತಿಗೆ ತಪ್ಪದೆ ಗಾದಿ ಬಿಟ್ಟು ಕೆಳಗಿಳಿದ. ಅಂಕಿತಾ ಹತ್ತಿ ಕುಳಿತಳು. ಇವನೋ ಅವಳ ಹೆಗಲ ಮೇಲಿಂದ ಕತ್ತು ಚಾಚಿ ಪರದೆಯನ್ನೇ ನೋಡುತ್ತ ನಿಂತ.

"ಮಾವಾರ, ಪಾಸ್‌ವರ್ಡ್ ಹಾಕಬೇಕ್ರಿ. ಆ ಕಡಿ ಹೊಳ್ಳಿ ಕುಂಡ್ರಿ."

ಹೆಂಡತಿ ಸುಮಿತ್ರವ್ವನ ಎದುರಿಗೂ ತಿಜೋರಿ ತೆರೆಯದ ಮನುಷ್ಯ ಸೊಸೆಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಗೋಡೆಯ ಕಡೆ ತಿರುಗಿ ಕುಳಿತ.