ಖಂಡೆ ಪೂಜೆಯ ದಿನ ಮಗಳ ಗೇರು ಸೈಕಲ್ಲು

ಏಳು ಗೇರುಗಳ ಲೆಕ್ಕ ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ. ಇಪ್ಪತ್ತು ವರ್ಷ ಗೋಗಿಯ ಶಾಲೆಯಲ್ಲಿ ಗಣಿತ ಕಲಿಸಿದವನು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

ಮಗಳು ಪಿಯುಸಿಯಲ್ಲಿದ್ದಳು. ದಸರೆಯ ಮರುದಿನ ಬೆಳಿಗ್ಗೆ ಯಾದಗಿರಿಯಲ್ಲಿ ಜಿಲ್ಲೆಯ ಸೈಕಲ್ ತಂಡಕ್ಕೆ ಆಯ್ಕೆ. ಅದಕ್ಕಾಗಿ ವರ್ಷವಿಡೀ ಶಹಾಪುರದ ರಸ್ತೆಗಳಲ್ಲಿ ಬೆವರು ಸುರಿಸಿದ್ದಳು. ಆಯ್ಕೆಗೆ ಎರಡೇ ದಿನ ಇರುವಾಗ ಸೈಕಲ್ಲು ಕೈಕೊಟ್ಟಿತು. ಹಿಂದಿನ ಚಕ್ರದ ಪಕ್ಕದಲ್ಲಿ ಜೋತುಬಿದ್ದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬುದೊಂದಿದೆಯಲ್ಲ, ಅದು ದೊಡ್ಡ ಚಕ್ರಕ್ಕೆ ಚೈನು ಹತ್ತಿಸಲು ಒಲ್ಲೆ ಎನ್ನುತ್ತ ಕಟಕಟ ಸದ್ದು ಮಾಡುತ್ತಿತ್ತು.

"ನೀ ಮುಟ್ಟಬ್ಯಾಡಪಾ, ನಾ ಬಂದು ನೋಡ್ತೀನಿ" ಎಂದು ಹೇಳಿ ಅವಳು ಗೆಳತಿಯ ಮನೆಗೆ ಹೋದಳು.

ಮುಟ್ಟದೆ ಇರುವ ಸ್ವಭಾವ ನನ್ನದಲ್ಲ. ಆದರೆ ಅವತ್ತು ಖಂಡೆ ಪೂಜೆ, ನಮ್ಮ ಕಡೆಯ ಆಯುಧ ಪೂಜೆ. ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರ್ ಎಲ್ಲವೂ ವಿಭೂತಿ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಮರುದಿನ ದಸರೆಗೆ ಬನ್ನಿ ಎಲೆ ಕೊಡುವ ತನಕ ಅವನ್ನು ಎತ್ತುವಂತಿಲ್ಲ. ಫೋನಿನ ವಿಡಿಯೊದಲ್ಲಿ ಒಬ್ಬಾತ, ಇದಕ್ಕೆ ಪಾನಾ ಬೇಕಿಲ್ಲ, ಕೇಬಲ್ಲು ಡಿರೇಲರಿಗೆ ಸೇರುವಲ್ಲಿರುವ ಸಣ್ಣ ತಿರುಪನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬೆರಳಲ್ಲೇ ಅರ್ಧರ್ಧ ಸುತ್ತು ತಿರುಗಿಸಿ ಎಂದ. ಅವನ ಸೈಕಲ್ಲು ನೆಟ್ಟಗೆ ನಿಂತಿತ್ತು. ನನ್ನದು, ನಾವು ಚಿಕ್ಕಂದಿನಿಂದ ರಿಪೇರಿಗೆ ಮಾಡುವಂತೆ, ಸೀಟಿನ ಮೇಲೆ ತಲೆಕೆಳಗಾಗಿ ನಿಂತಿತ್ತು. ಹಾಗಾದರೆ ಎಲ್ಲವೂ ಉಲ್ಟಾ ಆಗಬೇಕಲ್ಲವೇ? ಕಣ್ಣು ಮುಚ್ಚಿ ಯೋಚಿಸಿದೆ, ಬೆರಳನ್ನು ಗಾಳಿಯಲ್ಲಿ ಆಡಿಸಿದೆ, ಇನ್ನಷ್ಟು ಗೊಂದಲವಾಯಿತು. ಕೊನೆಗೆ ವಿಡಿಯೊದವನು ಹೇಳಿದ್ದಕ್ಕೆ ವಿರುದ್ಧವಾಗಿ ತಿರುಗಿಸಿದೆ. ಎಷ್ಟು ಸುತ್ತು ಎಂಬ ಲೆಕ್ಕವೂ ತಪ್ಪಿತು. ಆದರೆ ಸದ್ದು ನಿಂತಿತು. ಸದ್ದು ನಿಂತರೆ ಎಲ್ಲ ಸರಿ ಎಂದು ತರಗತಿಯಲ್ಲೂ ನಂಬುವವನು ನಾನು.

ಹೆಂಡತಿ ಬಾಗಿಲಲ್ಲಿ ನಿಂತು, "ದೇವರ ಮುಂದಿನ ಪಾನಾ ಮುಟ್ಟಿಲ್ಲಲ್ರಿ?" ಎಂದಳು.

"ಬರೇ ಬೆರಳಲೇ ಮಾಡೀನಿ" ಎಂದು ಎದೆಯುಬ್ಬಿಸಿದೆ.

ಸಂಜೆ ಮಗಳು ಬಂದು ಪೆಡಲು ತಿರುಗಿಸಿ ನೋಡಿದಳು. ನನ್ನ ಮುಖ ನೋಡಿ, "ಛಲೋ ಆತಪಾ" ಎಂದಳು.

ಆಯ್ಕೆಯ ದಿನ ಯಾದಗಿರಿಯ ರಸ್ತೆ ಬದಿಯಲ್ಲಿ ನಿಂತಿದ್ದೆ. ಏರಿನಲ್ಲಿ ಉಳಿದವರು ಒದ್ದಾಡುವಾಗ ಅವಳ ಚೈನು ಬೆಣ್ಣೆಯಂತೆ ದಾಟಿತು. ತಂಡಕ್ಕೆ ಆಯ್ಕೆಯೂ ಆದಳು. ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ, "ಗೇರು ನಾನ ಸರಿ ಮಾಡೀನ್ರಿ" ಎಂದು ಹೇಳಿಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ಅದೇ ಮಾತು ಮತ್ತೆ ತೆಗೆದೆ. ಮಗಳು ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಅಪ್ಪಾ, ಸೈಕಲ್ ತೆಲಿಕೆಳಗ ಮಾಡಿದ್ರ ತಿರುಪು ತಿರಗೂ ದಿಕ್ಕು ಬದಲಾಗಂಗಿಲ್ಲ. ನೀ ಪೂರಾ ಉಲ್ಟಾ ತಿರುವಿದ್ದಿ. ಚೈನು ದೊಡ್ಡ ಚಕ್ರದ ಕಡೆ ಹೋಗ್ತಾನ ಇದ್ದಿಲ್ಲ, ಅದಕ್ಕ ಸದ್ದಿದ್ದಿಲ್ಲ. ಇವತ್ತ ನಸುಕಿನ್ಯಾಗ ಎದ್ದು ನಾ ಸರಿ ಮಾಡ್ಕೊಂಡೆ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಎಷ್ಟ ಖುಷಿಲೆ ನಿಂತಿದ್ದಿ. ಹ್ಯಾಂಗ ಹೇಳಲಿ?"

ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಎಂದು ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಮಕ್ಕಳ ತಪ್ಪು ಲೆಕ್ಕಕ್ಕೆ ಎಲ್ಲರೆದುರು ಕೆಂಪು ಗೆರೆ ಎಳೆದಿದ್ದೇನೆ. ನನ್ನ ತಪ್ಪನ್ನು ಅವಳು ಒಬ್ಬಳೇ ಎದ್ದು ತಿದ್ದಿದ್ದಳು. ಊರು ಬರುವವರೆಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.